ಅಪರಾಧ ನ್ಯಾಯಾಡಳಿತ ವಿಷಯದಲ್ಲಿ ಪದವಿ ವ್ಯಾಸಂಗ: ಹಾಸನ ಜಿಲ್ಲೆಯ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪೊಲೀಸ್, ನ್ಯಾಯಾಂಗ, ಅಭಿಯೋಜನೆ, ಕಾರಾಗೃಹ ಅಥವಾ ವಿಧಿವಿಜ್ಞಾನ ಕ್ಷೇತ್ರಗಳಲ್ಲಿ ಸೇವೆ ಸಲ್ಲಿಸಲು ಇಚ್ಛಿಸುವ ವಿದ್ಯಾರ್ಥಿಗಳ ಹಾಗೂ ಅವರ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅಪರಾಧಶಾಸ್ತ್ರ ಅಥವಾ ಅಪರಾಧ ನ್ಯಾಯಾಡಳಿತ ವಿಷಯದ ಪದವಿಯು ಉಪಯುಕ್ತವಾದುದು. ಆದರೆ ಆ ಪದವಿಯೊಂದರಿಂದಲೇ ಮೇಲಿನ ಎಲ್ಲ ಹುದ್ದೆಗಳಿಗೂ ಅರ್ಹತೆ ದೊರೆಯುವುದಿಲ್ಲ. ಆದ್ದರಿಂದ ಶುಲ್ಕ ಪಾವತಿಸುವ ಮೊದಲು, ತಾವು ಬಯಸುವ ಹುದ್ದೆಗೆ ಯಾವ ವಿದ್ಯಾರ್ಹತೆ ನಿಗದಿಯಾಗಿದೆ ಎಂಬುದನ್ನು ಅಭ್ಯರ್ಥಿಗಳು ಖಚಿತಪಡಿಸಿಕೊಳ್ಳುವುದು ಅವಶ್ಯಕ.

1. ವಿಷಯದ ವ್ಯಾಪ್ತಿ

ಅಪರಾಧವೊಂದು ವರದಿಯಾದಾಗಿನಿಂದ ತನಿಖೆ, ಅಭಿಯೋಜನೆ, ವಿಚಾರಣೆ, ತೀರ್ಪು, ಶಿಕ್ಷೆ ಹಾಗೂ ಪುನರ್ವಸತಿಯವರೆಗಿನ ಎಲ್ಲ ಹಂತಗಳನ್ನು ಒಂದೇ ವ್ಯವಸ್ಥೆಯಾಗಿ ಅಧ್ಯಯನ ಮಾಡುವುದೇ ಅಪರಾಧ ನ್ಯಾಯಾಡಳಿತ. ಪದವಿ ಹಂತದಲ್ಲಿ ಸಾಮಾನ್ಯವಾಗಿ ಕೆಳಕಂಡ ವಿಷಯಗಳನ್ನು ಬೋಧಿಸಲಾಗುತ್ತದೆ:

ಅ) ಅಪರಾಧಶಾಸ್ತ್ರ: ಅಪರಾಧದ ಸಾಮಾಜಿಕ ಹಾಗೂ ಮಾನಸಿಕ ಕಾರಣಗಳು.
ಆ) ದಂಡಶಾಸ್ತ್ರ: ಶಿಕ್ಷೆಯ ಉದ್ದೇಶ, ಕಾರಾಗೃಹ ವ್ಯವಸ್ಥೆ, 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ.
ಇ) ಸಂತ್ರಸ್ತರ ಹಕ್ಕುಗಳು: ಪರಿಹಾರ, ರಕ್ಷಣೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದನ್ವಯ ಉಚಿತ ಕಾನೂನು ನೆರವು.
ಈ) ಪೊಲೀಸ್ ಆಡಳಿತ: 1963ರ ಕರ್ನಾಟಕ ಪೊಲೀಸ್ ಅಧಿನಿಯಮ, ಠಾಣೆಯ ಕಾರ್ಯವಿಧಾನ.
ಉ) ಬಾಲನ್ಯಾಯ: 2015ರ ಬಾಲನ್ಯಾಯ ಅಧಿನಿಯಮ, 2012ರ ಪೋಕ್ಸೊ ಅಧಿನಿಯಮ.
ಊ) ವಿಧಿವಿಜ್ಞಾನದ ಪರಿಚಯ: ಬೆರಳಚ್ಚು, ರಕ್ತ ಪರೀಕ್ಷೆ, ದಾಖಲೆ ಪರೀಕ್ಷೆ, ಅಪರಾಧ ಸ್ಥಳದ ಸಂರಕ್ಷಣೆ.

ದಿನಾಂಕ 1-7-2024ರಿಂದ ಭಾರತೀಯ ದಂಡ ಸಂಹಿತೆ (1860), ದಂಡ ಪ್ರಕ್ರಿಯಾ ಸಂಹಿತೆ (1973) ಹಾಗೂ ಭಾರತೀಯ ಸಾಕ್ಷ್ಯ ಅಧಿನಿಯಮ (1872) ಇವುಗಳ ಬದಲಿಗೆ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿವೆ. ಹಳೆಯ ಪಠ್ಯಪುಸ್ತಕಗಳನ್ನು ಕೊಳ್ಳುವವರು ಈ ಬದಲಾವಣೆಯನ್ನು ಗಮನಿಸತಕ್ಕದ್ದು. ಆದರೂ ಹೊಸ ಸಂಹಿತೆಗಳು ಜಾರಿಗೆ ಬರುವ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯವಾಗುವುದರಿಂದ ಎರಡರ ಪರಿಚಯವೂ ಅಗತ್ಯ.

ಈ ವಿಷಯದ ವಿದ್ಯಾರ್ಥಿಗಳು ತಪ್ಪದೆ ಓದುವ ವರದಿಗಳಲ್ಲೊಂದು 2003ರಲ್ಲಿ ಕೇಂದ್ರ ಸರ್ಕಾರಕ್ಕೆ ಸಲ್ಲಿಕೆಯಾದ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣಾ ಸಮಿತಿಯ ವರದಿ. ಆ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ನ್ಯಾಯಮೂರ್ತಿ ವಿ.ಎಸ್. ಮಳೀಮಠ ಅವರು.

2. ವ್ಯಾಸಂಗದ ಅವಕಾಶಗಳು

ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಪದವಿಯ ವಿಷಯ ಸಂಯೋಜನೆಗಳಲ್ಲಿ ಅಪರಾಧಶಾಸ್ತ್ರ ಹಾಗೂ ವಿಧಿವಿಜ್ಞಾನವನ್ನು ಬೋಧಿಸಲಾಗುತ್ತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಸ್ನಾತಕೋತ್ತರ ಅಧ್ಯಯನ ವಿಭಾಗವಿದೆ. 2020ರ ಕೇಂದ್ರ ಅಧಿನಿಯಮಗಳ ಮೂಲಕ ಸ್ಥಾಪಿತವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವು ಧಾರವಾಡದಲ್ಲಿಯೂ, ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯವು ಶಿವಮೊಗ್ಗದಲ್ಲಿಯೂ ಆವರಣಗಳನ್ನು ಹೊಂದಿವೆ. ಆಯಾ ವರ್ಷ ಲಭ್ಯವಿರುವ ಕೋರ್ಸುಗಳ ವಿವರವನ್ನು ಸಂಬಂಧಿಸಿದ ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆಯಿಂದಲೇ ಪಡೆಯುವುದು.

ರಾಜ್ಯದಲ್ಲಿ 2021–22ರಲ್ಲಿ ಆರಂಭವಾಗಿದ್ದ ನಾಲ್ಕು ವರ್ಷಗಳ ಆನರ್ಸ್ ಪದವಿ ಪದ್ಧತಿಯನ್ನು ಕೈಬಿಟ್ಟು, 2024–25ನೇ ಸಾಲಿನಿಂದ ಮೂರು ವರ್ಷಗಳ ಪದವಿ ವ್ಯವಸ್ಥೆಗೆ ಮರಳಲಾಗಿದೆ.

ಊರಿನ ಸಮೀಪದ ಕಾಲೇಜಿನಲ್ಲಿ ಈ ವಿಷಯ ಇಲ್ಲದಿದ್ದಲ್ಲಿ ಅಭ್ಯರ್ಥಿಗಳು ನಿರಾಶರಾಗಬೇಕಾಗಿಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರ ವಿಷಯಗಳೊಂದಿಗೆ ಪದವಿ ಪಡೆದವರೂ ಮುಂದೆ ಕಾನೂನು, ಸಮಾಜಕಾರ್ಯ ಅಥವಾ ಅಪರಾಧಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗವನ್ನು, ಆಯಾ ವಿಶ್ವವಿದ್ಯಾಲಯದ ನಿಯಮಗಳಿಗೆ ಒಳಪಟ್ಟು, ಕೈಗೊಳ್ಳಬಹುದು.

3. ಹುದ್ದೆಗಳು ಮತ್ತು ವಿದ್ಯಾರ್ಹತೆ

ಪೊಲೀಸ್ ಕಾನ್‌ಸ್ಟೇಬಲ್ (ಸಿವಿಲ್): ಪಿ.ಯು.ಸಿ. ಅಥವಾ ತತ್ಸಮಾನ ವಿದ್ಯಾರ್ಹತೆ ಸಾಕು. ಪದವಿ ಕಡ್ಡಾಯವಲ್ಲ.

ಪೊಲೀಸ್ ಸಬ್ ಇನ್ಸ್‌ಪೆಕ್ಟರ್ (ಸಿವಿಲ್): ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ. ಅಪರಾಧಶಾಸ್ತ್ರವೇ ಆಗಿರಬೇಕೆಂಬ ನಿಯಮವಿಲ್ಲ. ಆಯ್ಕೆಯು ದೈಹಿಕ ಪರೀಕ್ಷೆ ಹಾಗೂ ಲಿಖಿತ ಪರೀಕ್ಷೆಯನ್ನು ಅವಲಂಬಿಸಿರುವುದರಿಂದ, ಪದವಿಯ ವಿಷಯವು ಸಿದ್ಧತೆಗೆ ನೆರವಾಗಬಹುದೇ ಹೊರತು ಪರ್ಯಾಯವಾಗಲಾರದು.

ವಕೀಲರು, ಸಹಾಯಕ ಸರ್ಕಾರಿ ಅಭಿಯೋಜಕರು, ಸಿವಿಲ್ ನ್ಯಾಯಾಧೀಶರು: ಕಾನೂನು ಪದವಿ ಕಡ್ಡಾಯ. ಅಪರಾಧ ನ್ಯಾಯಾಡಳಿತದ ಬಿ.ಎ. ಪದವಿಯಿಂದ ವಕೀಲರಾಗಿ ನೋಂದಣಿ ಸಾಧ್ಯವಿಲ್ಲ. ಪಿ.ಯು.ಸಿ. ನಂತರ ಐದು ವರ್ಷಗಳ ಅಥವಾ ಪದವಿಯ ನಂತರ ಮೂರು ವರ್ಷಗಳ ಕಾನೂನು ಕೋರ್ಸಿಗೆ ಸೇರಬಹುದು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಂತೆ ಕನಿಷ್ಠ ಅಂಕಗಳು ಸಾಮಾನ್ಯ ವರ್ಗಕ್ಕೆ ಶೇ. 45, ಇತರೆ ಹಿಂದುಳಿದ ವರ್ಗಗಳಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 40. ದೂರಶಿಕ್ಷಣದ ಮೂಲಕ ಪಡೆದ ಕಾನೂನು ಪದವಿಯಿಂದ ವಕೀಲಿಕೆ ಮಾಡಲು ಅವಕಾಶವಿಲ್ಲ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿಕೆಯ ಅನುಭವವನ್ನು ಸರ್ವೋಚ್ಚ ನ್ಯಾಯಾಲಯವು ದಿನಾಂಕ 20-5-2025ರ ತೀರ್ಪಿನಲ್ಲಿ ಮರಳಿ ವಿಧಿಸಿದೆ. ಅರ್ಜಿ ಸಲ್ಲಿಸುವಾಗ ಆಯಾ ಅಧಿಸೂಚನೆಯಲ್ಲಿನ ಷರತ್ತುಗಳನ್ನು ನೋಡತಕ್ಕದ್ದು.

ವಿಧಿವಿಜ್ಞಾನ ಪ್ರಯೋಗಾಲಯದ ವೈಜ್ಞಾನಿಕ ಹುದ್ದೆಗಳು: ವಿಜ್ಞಾನ ವಿಷಯಗಳ ವ್ಯಾಸಂಗ ಅಗತ್ಯ. ಪಿ.ಯು.ಸಿ.ಯಲ್ಲಿ ಕಲಾ ವಿಭಾಗವನ್ನು ಆಯ್ದವರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಆದ್ದರಿಂದ ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ಈ ಬಗ್ಗೆ ನಿರ್ಧರಿಸುವುದು ಸೂಕ್ತ. ಏಳು ವರ್ಷ ಅಥವಾ ಹೆಚ್ಚಿನ ಅವಧಿಯ ಶಿಕ್ಷೆಗೆ ಗುರಿಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಪ್ರಕರಣವು ವಿಧಿಸಿರುವುದರಿಂದ ಈ ಕ್ಷೇತ್ರದ ಮಹತ್ವ ಹೆಚ್ಚಿದೆ.

4. ಮಾನ್ಯತೆಯ ಪರಿಶೀಲನೆ

ಪ್ರವೇಶ ಪಡೆಯುವ ಮೊದಲು ಕೆಳಕಂಡ ಮೂರು ಅಂಶಗಳನ್ನು ಪರಿಶೀಲಿಸಿಕೊಳ್ಳುವುದು:

(1) ವಿಶ್ವವಿದ್ಯಾಲಯದ ಹೆಸರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯು.ಜಿ.ಸಿ.) ಪಟ್ಟಿಯಲ್ಲಿದೆಯೇ.
(2) ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸ್ ಆಗಿದ್ದಲ್ಲಿ, ಆ ಕೋರ್ಸಿಗೆ ಆ ಶೈಕ್ಷಣಿಕ ವರ್ಷಕ್ಕೆ ಆಯೋಗದ ಅನುಮತಿ ಇದೆಯೇ.
(3) ಕಾನೂನು ಕಾಲೇಜಾಗಿದ್ದಲ್ಲಿ, ಭಾರತೀಯ ವಕೀಲರ ಪರಿಷತ್ತಿನ ಅನುಮೋದನೆ ಇದೆಯೇ.

ಎರಡನೆಯ ಅಂಶದ ಮಹತ್ವವನ್ನು ರಾಜ್ಯದ ಅನುಭವವೇ ತೋರಿಸಿದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಯು.ಜಿ.ಸಿ. ಮಾನ್ಯತೆಯು 2012–13ರ ನಂತರ ಮುಂದುವರಿಯದೆ, 2018–19ನೇ ಸಾಲಿನಿಂದ ಮರಳಿ ದೊರೆಯಿತು. ನಡುವಿನ ವರ್ಷಗಳ ಅನೇಕ ವಿದ್ಯಾರ್ಥಿಗಳು ತಮ್ಮ ಪದವಿಯ ಮಾನ್ಯತೆಯ ಬಗ್ಗೆ ಆತಂಕವನ್ನು ಎದುರಿಸಬೇಕಾಯಿತು. ಸಂಸ್ಥೆಯ ಹೆಸರನ್ನು ಮಾತ್ರವಲ್ಲದೆ ತಾವು ಸೇರುವ ವರ್ಷದ ಅನುಮತಿಯನ್ನೂ ನೋಡಬೇಕಾದುದು ಈ ಕಾರಣದಿಂದಲೇ.

5. ಪ್ರವೇಶ ಮತ್ತು ಪ್ರಮಾಣಪತ್ರಗಳು

ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಯು.ಯು.ಸಿ.ಎಂ.ಎಸ್. ತಂತ್ರಾಂಶದಲ್ಲಿ ನೋಂದಾಯಿಸಿಕೊಳ್ಳಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ (ಎಸ್.ಎಸ್.ಪಿ.) ಅರ್ಜಿ ಸಲ್ಲಿಸಬೇಕು. ಮೈಸೂರು ಅಥವಾ ಧಾರವಾಡಕ್ಕೆ ಹೋಗಿ ವ್ಯಾಸಂಗ ಮಾಡುವವರು ಸಮಾಜ ಕಲ್ಯಾಣ ಇಲಾಖೆ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿಗೆ ನಿಗದಿತ ದಿನಾಂಕದೊಳಗೆ ಅರ್ಜಿ ಸಲ್ಲಿಸುವುದು.

ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಪಡೆಯಬಹುದು. ಶೆಟ್ಟಿಹಳ್ಳಿ ಎಂಬ ಹೆಸರಿನ ಗ್ರಾಮಗಳು ಹಾಸನ ಜಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು ತಾಲ್ಲೂಕುಗಳಲ್ಲಿವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಅರ್ಜಿದಾರರು ಗ್ರಾಮದ ಹೆಸರಿನೊಂದಿಗೆ ಹೋಬಳಿ ಮತ್ತು ತಾಲ್ಲೂಕನ್ನು ತಪ್ಪದೆ ನಮೂದಿಸಬೇಕು. ಪ್ರಮಾಣಪತ್ರ, ಆಧಾರ್ ಹಾಗೂ ಅಂಕಪಟ್ಟಿಗಳಲ್ಲಿ ಹೆಸರು ಮತ್ತು ವಿಳಾಸ ಹೊಂದಾಣಿಕೆಯಾಗದಿದ್ದಲ್ಲಿ ದಾಖಲೆ ಪರಿಶೀಲನೆಯ ಸಮಯದಲ್ಲಿ ತೊಂದರೆಯಾಗುತ್ತದೆ.

ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25 ಹಾಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಸಮತಳ ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗವನ್ನು ಪರಿಗಣಿಸಲಾಗುತ್ತದೆ. ಗ್ರಾಮದ ಶಾಲೆಯಲ್ಲಿ ಕನ್ನಡದಲ್ಲಿ ಕಲಿತವರಿಗೆ ಇದು ಮುಖ್ಯವಾದ ಅವಕಾಶ. ಆದರೆ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಗಡುವಿನೊಳಗೆ ಪಡೆಯದವರಿಗೆ ಅದು ತಪ್ಪಿಹೋಗುತ್ತದೆ. ಓದಿದ ಶಾಲೆಯಿಂದ ಬೇಕಾಗುವ ದಾಖಲೆಗಳನ್ನು ಪದವಿ ವ್ಯಾಸಂಗದ ಅವಧಿಯಲ್ಲಿಯೇ ಸಂಗ್ರಹಿಸಿಟ್ಟುಕೊಳ್ಳುವುದು ಒಳ್ಳೆಯದು.

6. ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ಹುದ್ದೆ ಕೊಡಿಸುವುದಾಗಿ ಹಣ ಕೇಳುವವರನ್ನು ನಂಬಬಾರದು. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯು ಅಕ್ರಮಗಳ ಕಾರಣದಿಂದ 2022ರ ಏಪ್ರಿಲ್‌ನಲ್ಲಿ ರದ್ದಾಗಿ, ಮರುಪರೀಕ್ಷೆಯು 23-1-2024ರಂದು ನಡೆಯಿತು. ಪ್ರಾಮಾಣಿಕವಾಗಿ ಬರೆದ ಅಭ್ಯರ್ಥಿಗಳೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ನ್ಯಾಯಾಡಳಿತವನ್ನು ಅಭ್ಯಾಸ ಮಾಡುವವರು ಮೊದಲು ಪಾಲಿಸಬೇಕಾದುದು ಈ ಪ್ರಾಮಾಣಿಕತೆಯನ್ನೇ.

ಗಮನಿಸಿ: ಈ ಪುಟದಲ್ಲಿನ ವಿವರಗಳು ಮಾರ್ಗದರ್ಶನಕ್ಕಾಗಿ ಮಾತ್ರ. ವಯೋಮಿತಿ, ದೇಹದಾರ್ಢ್ಯತೆ, ಶುಲ್ಕ ಹಾಗೂ ಕೊನೆಯ ದಿನಾಂಕಗಳಿಗೆ ಸಂಬಂಧಿಸಿದಂತೆ ಆಯಾ ಅಧಿಸೂಚನೆಯೇ ಅಂತಿಮವಾಗಿರುತ್ತದೆ.