ಕಾರ್ಮಿಕರ ಪತ್ರಿಕೆ ಕೊಂಡ, ಕಾರ್ಮಿಕರ ಪಿಂಚಣಿ ನುಂಗಿದ: ಯಾರು ಈ ರಾಬರ್ಟ್ ಮ್ಯಾಕ್ಸ್‌ವೆಲ್?

ಜೆಫ್ರಿ ಎಪ್‌ಸ್ಟೀನ್ ಪ್ರಕರಣದಲ್ಲಿ 20 ವರ್ಷಗಳ ಜೈಲು ಶಿಕ್ಷೆಗೆ ಗುರಿಯಾದ ಗಿಲೇನ್ ಮ್ಯಾಕ್ಸ್‌ವೆಲ್ ಹೆಸರು ನಮ್ಮ ತಲೆಮಾರಿಗೆ ಗೊತ್ತು. ಅವರಪ್ಪ ರಾಬರ್ಟ್ ಮ್ಯಾಕ್ಸ್‌ವೆಲ್ ಅಷ್ಟಾಗಿ ಗೊತ್ತಿಲ್ಲ. ಆದ್ರೆ ಮಾಧ್ಯಮ, ದುಡ್ಡು, ಅಧಿಕಾರ ಹೇಗೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಅಂತ ತಿಳಿಯಬೇಕಾದರೆ ಓದಬೇಕಾದ್ದು ಅಪ್ಪನ ಕತೆಯನ್ನೇ.

ಹುಟ್ಟಿದ್ದು 1923ರ ಜೂನ್ 10ರಂದು, ಆಗ ಜೆಕೊಸ್ಲೊವಾಕಿಯಾದಲ್ಲಿದ್ದ, ಈಗ ಉಕ್ರೇನ್‌ಗೆ ಸೇರಿದ ಒಂದು ಉಪ್ಪಿನ ಗಣಿ ಊರಿನಲ್ಲಿ. ಕಡುಬಡತನದ ಯಹೂದಿ ಕುಟುಂಬ, ಮನೆಮಾತು ಯಿಡ್ಡಿಷ್, ಹುಟ್ಟುಹೆಸರಿನ ಕೊನೆಯಲ್ಲಿದ್ದದ್ದು ‘ಹೋಕ್’. ಮನೆಯವರಲ್ಲಿ ಬಹುಪಾಲು ಮಂದಿಯನ್ನು ನಾಜಿಗಳು ಕೊಂದರು. ಈತ ತಪ್ಪಿಸಿಕೊಂಡು ಬ್ರಿಟಿಷ್ ಸೇನೆ ಸೇರಿ, ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಮಿಲಿಟರಿ ಕ್ರಾಸ್ ಪಡೆದ. ಆತನ ಧೈರ್ಯದ ಬಗ್ಗೆ ಶತ್ರುಗಳಿಗೂ ತಕರಾರಿರಲಿಲ್ಲ.

ಯುದ್ಧ ಮುಗಿದ ಮೇಲೆ ಬರ್ಲಿನ್‌ನಲ್ಲಿ ಬ್ರಿಟಿಷ್ ಆಡಳಿತದ ಪತ್ರಿಕಾ ಸೆನ್ಸಾರ್ ವಿಭಾಗದಲ್ಲಿ ಕೆಲಸ. ಅಲ್ಲಿ ಜರ್ಮನಿಯ ಪ್ರಸಿದ್ಧ ವಿಜ್ಞಾನ ಪ್ರಕಾಶನ ಸಂಸ್ಥೆ ಸ್ಪ್ರಿಂಗರ್‌ನ ಪರಿಚಯ ಆಯ್ತು. ಅದರ ಪುಸ್ತಕ, ಜರ್ನಲ್‌ಗಳನ್ನು ಹೊರದೇಶಗಳಿಗೆ ಮಾರುವ ವ್ಯವಹಾರ ಕೈಗೆ ಬಂತು. 1951ರಲ್ಲಿ ಒಂದು ಚಿಕ್ಕ ಪ್ರಕಾಶನ ಸಂಸ್ಥೆಯನ್ನು ಕೊಂಡು ‘ಪರ್ಗಮಾನ್ ಪ್ರೆಸ್’ ಅಂತ ಹೆಸರಿಟ್ಟ. ಮ್ಯಾಕ್ಸ್‌ವೆಲ್‌ನ ನಿಜವಾದ ಜಾಣತನ ಕಾಣಿಸುವುದು ಇಲ್ಲೇ.

ಲೆಕ್ಕ ತುಂಬಾ ಸರಳ. ಸಂಶೋಧನೆಗೆ ದುಡ್ಡು ಹಾಕೋದು ಸರ್ಕಾರ. ಲೇಖನ ಬರೆಯೋ ವಿಜ್ಞಾನಿಗೆ ಸಂಭಾವನೆ ಇಲ್ಲ, ಅದನ್ನು ಪರಿಶೀಲಿಸೋ ಇನ್ನೊಬ್ಬ ವಿಜ್ಞಾನಿಗೂ ಇಲ್ಲ. ಅಚ್ಚಾದ ಮೇಲೆ ಅದೇ ಸರ್ಕಾರದ ದುಡ್ಡಿನಲ್ಲಿ ನಡೆಯೋ ವಿಶ್ವವಿದ್ಯಾಲಯದ ಗ್ರಂಥಾಲಯ ಅದನ್ನು ದುಬಾರಿ ಬೆಲೆಗೆ ಕೊಳ್ಳಬೇಕು, ಅದೂ ಇಡೀ ವರ್ಷದ ಚಂದಾ ಮುಂಗಡವಾಗಿ ಕಟ್ಟಿ. ಒಂದು ಜರ್ನಲ್‌ನಲ್ಲಿ ಬಂದದ್ದು ಇನ್ನೊಂದರಲ್ಲಿ ಸಿಗೋದಿಲ್ಲವಾದ್ದರಿಂದ ಇಲ್ಲಿ ಪೈಪೋಟಿಯ ಮಾತೇ ಇಲ್ಲ. ಹೊಸ ಜರ್ನಲ್ ಹುಟ್ಟಿಸಿದರೆ ಹಳೆಯದಕ್ಕೆ ಗಿರಾಕಿ ಕಡಿಮೆಯಾಗಲ್ಲ, ಗ್ರಂಥಾಲಯ ಎರಡನ್ನೂ ತರಿಸುತ್ತೆ. ಮ್ಯಾಕ್ಸ್‌ವೆಲ್ ಇದನ್ನು ಬೇರೆಯವರಿಗಿಂತ ಮೊದಲೇ ಅರ್ಥ ಮಾಡಿಕೊಂಡು, ವಿಜ್ಞಾನಿಗಳಿಗೆ ಔತಣ ಕೊಟ್ಟು, ಪ್ರತಿ ಉಪಶಾಖೆಗೂ ಒಂದೊಂದು ಜರ್ನಲ್ ಶುರು ಮಾಡುತ್ತಾ ಹೋದ.

1964ರಿಂದ 1970ರವರೆಗೆ ಲೇಬರ್ ಪಕ್ಷದ ಸಂಸದ. ಅದೇ ಹೊತ್ತಿಗೆ ‘ನ್ಯೂಸ್ ಆಫ್ ದಿ ವರ್ಲ್ಡ್’, ‘ದಿ ಸನ್’ ಎರಡನ್ನೂ ಕೊಳ್ಳಲು ಹೋಗಿ ರೂಪರ್ಟ್ ಮರ್ಡೋಕ್ ಎದುರು ಸೋತ. ಪರ್ಗಮಾನ್ ಲೆಕ್ಕಪತ್ರದ ಗೋಲ್‌ಮಾಲ್ ಹೊರಬಿದ್ದಾಗ ತನಿಖೆ ನಡೆಸಿದ ಸರ್ಕಾರಿ ಅಧಿಕಾರಿಗಳು 1971ರ ವರದಿಯಲ್ಲಿ, ಷೇರುಪೇಟೆಯಲ್ಲಿರುವ ಕಂಪನಿಯನ್ನು ಈತನ ಕೈಗೆ ನಂಬಿ ಕೊಡುವಂತಿಲ್ಲ ಎಂಬರ್ಥದಲ್ಲಿ ಸ್ಪಷ್ಟವಾಗಿ ಬರೆದರು. ಅಲ್ಲಿಗೆ ಕತೆ ಮುಗಿಯಬೇಕಿತ್ತು, ಅಲ್ವಾ? 1974ರಲ್ಲಿ ಪರ್ಗಮಾನ್ ಮತ್ತೆ ಕೈಸೇರಿತು. 1984ರಲ್ಲಿ ‘ಡೈಲಿ ಮಿರರ್’ ಸೇರಿದಂತೆ ಮಿರರ್ ಸಮೂಹವನ್ನೇ 11.3 ಕೋಟಿ ಪೌಂಡ್‌ಗೆ ಕೊಂಡ. ಲೇಬರ್ ಪಕ್ಷದ ಪರ ನಿಂತಿದ್ದ, ದುಡಿಯುವ ವರ್ಗ ಓದುತ್ತಿದ್ದ ಪತ್ರಿಕೆ ಅದು. ಸಾಲ ಕೊಡೋಕೆ ಬ್ಯಾಂಕುಗಳು ಸಾಲುಗಟ್ಟಿದವು. ತನಿಖಾ ವರದಿ ಕಪಾಟಿನಲ್ಲೇ ಇತ್ತು.

1988ರಲ್ಲಿ ಅಮೆರಿಕದ ಮ್ಯಾಕ್‌ಮಿಲನ್ ಪ್ರಕಾಶನವನ್ನು ಸುಮಾರು 260 ಕೋಟಿ ಡಾಲರ್‌ಗೆ ಕೊಂಡಿದ್ದೇ ಕುತ್ತಿಗೆಗೆ ಬಂತು. ಸಾಲದ ಬಡ್ಡಿ ಬೆಳೆಯಿತು, ಆದಾಯ ಬೆಳೆಯಲಿಲ್ಲ. ಆಗ ಕೈ ಹಾಕಿದ್ದು ನೌಕರರ ಪಿಂಚಣಿ ನಿಧಿಗೆ. ಹೇಗೆ? ನಿಧಿ ನೋಡಿಕೊಳ್ಳುವ ಸಂಸ್ಥೆಯೂ ಆತನ ಹಿಡಿತದಲ್ಲೇ ಇತ್ತು. ನಿಧಿಯ ಷೇರುಗಳನ್ನು ಆತನ ಖಾಸಗಿ ಕಂಪನಿಗಳಿಗೆ ‘ಎರವಲು’ ಕೊಡಿಸಿ, ಅವನ್ನೇ ಅಡವಿಟ್ಟು ಬ್ಯಾಂಕಿನಿಂದ ಸಾಲ ಎತ್ತಲಾಯ್ತು. ಹೀಗೆ ಎತ್ತಿದ ದುಡ್ಡಲ್ಲಿ ಒಂದಷ್ಟು ಹೋಗಿದ್ದು ತನ್ನದೇ ಕಂಪನಿಯ ಷೇರು ಖರೀದಿಗೆ. ಷೇರು ಬೆಲೆ ಬಿದ್ದರೆ ಬ್ಯಾಂಕು ಹೆಚ್ಚಿನ ಅಡಮಾನ ಕೇಳುತ್ತೆ, ಅದಕ್ಕೆ ಬೆಲೆ ಬೀಳದಂತೆ ಎತ್ತಿಹಿಡಿಯೋ ಆಟ ಇದು.

ಇದನ್ನೆಲ್ಲ ಪತ್ರಕರ್ತರು ಯಾಕೆ ಬರೆಯಲಿಲ್ಲ? ಕೆಲವರು ಕೆದಕಿದರು. ಆದರೆ ಇಂಗ್ಲೆಂಡಿನ ಮಾನನಷ್ಟ ಕಾನೂನು ಮ್ಯಾಕ್ಸ್‌ವೆಲ್‌ನ ಮೆಚ್ಚಿನ ಆಯುಧ. ವಿಡಂಬನಾ ಪತ್ರಿಕೆ ‘ಪ್ರೈವೇಟ್ ಐ’ 1986ರಲ್ಲಿ ಆತನ ಎದುರು ಕೇಸು ಸೋತು ದಂಡ ಕಟ್ಟಿತು. ಗೆದ್ದೇ ತೀರಬೇಕು ಅಂತೇನೂ ಇಲ್ಲ, ವಕೀಲರ ಖರ್ಚಿನ ಹೆದರಿಕೆ ಸಾಕು. ಇದು ನಮಗೆ ಹೊಸ ವಿಷಯವೇನಲ್ಲ ಬಿಡಿ.

1991ರ ನವೆಂಬರ್ 5ರಂದು ಕೆನರಿ ದ್ವೀಪಗಳ ಬಳಿ ‘ಲೇಡಿ ಗಿಲೇನ್’ ಎಂಬ ತನ್ನ ವಿಹಾರ ನೌಕೆಯಿಂದ ಕಾಣೆಯಾದ ಮ್ಯಾಕ್ಸ್‌ವೆಲ್‌ನ ಶವ ಸಮುದ್ರದಲ್ಲಿ ಸಿಕ್ಕಿತು. ಆಕಸ್ಮಿಕವೋ, ಆತ್ಮಹತ್ಯೆಯೋ, ಕೊಲೆಯೋ ಎಂಬ ಊಹಾಪೋಹ ಇನ್ನೂ ನಿಂತಿಲ್ಲ. ಮಾರನೇ ದಿನ ಮಿರರ್ ತನ್ನನ್ನು ಉಳಿಸಿದ ಮನುಷ್ಯ ಎಂದು ಮುಖಪುಟದಲ್ಲಿ ಹೊಗಳಿತು. ತಿಂಗಳೊಳಗೆ ಗೊತ್ತಾಗಿದ್ದು: ಪಿಂಚಣಿ ನಿಧಿಯಿಂದ 40 ಕೋಟಿ ಪೌಂಡ್‌ಗೂ ಹೆಚ್ಚು ಮಾಯ, ತೂಗುಯ್ಯಾಲೆಯಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿಯ ಮುಪ್ಪು. ನಿವೃತ್ತ ನೌಕರರು ಬೀದಿಗಿಳಿದರು. 1995ರಲ್ಲಿ ಬ್ಯಾಂಕುಗಳು, ಆಡಿಟರ್‌ಗಳು ಮತ್ತು ಸರ್ಕಾರ ಸೇರಿ 27.6 ಕೋಟಿ ಪೌಂಡ್ ಕೊಡುವ ಒಪ್ಪಂದವಾಯ್ತು, ಅದೇ ವರ್ಷ ಹೊಸ ಪಿಂಚಣಿ ಕಾಯ್ದೆ ಬಂತು. ವಿಚಾರಣೆ ಎದುರಿಸಿದ ಇಬ್ಬರು ಗಂಡುಮಕ್ಕಳನ್ನು ಜ್ಯೂರಿ 1996ರಲ್ಲಿ ದೋಷಮುಕ್ತಗೊಳಿಸಿತು.

ಪರ್ಗಮಾನ್ ಏನಾಯ್ತು? ಸಾಲ ತೀರಿಸೋಕೆ 1991ರ ಆರಂಭದಲ್ಲೇ ಅದನ್ನು ಡಚ್ ಸಂಸ್ಥೆ ಎಲ್ಸೆವಿಯರ್‌ಗೆ 44 ಕೋಟಿ ಪೌಂಡ್‌ಗೆ ಮಾರಿದ್ದ. ಸಾಮ್ರಾಜ್ಯ ಮುಳುಗಿದರೂ ಆ ಲೆಕ್ಕಾಚಾರ ಮುಳುಗಲಿಲ್ಲ. ಸಂಶೋಧನಾ ಲೇಖನಗಳನ್ನು ಬಿಟ್ಟಿಯಾಗಿ ಕೊಡುವ ಸೈ-ಹಬ್ ವಿರುದ್ಧ 2020ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಪ್ರಕಾಶಕರಲ್ಲಿ ಎಲ್ಸೆವಿಯರ್ ಕೂಡ ಒಂದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆಯಲ್ಲೂ ಅದರ ಹೆಸರಿದೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸುಮಾರು 13 ಸಾವಿರ ಜರ್ನಲ್‌ಗಳು ಸಿಗಲಿ ಅಂತ 30 ಪ್ರಕಾಶಕರಿಗಾಗಿ ಭಾರತ ಎತ್ತಿಟ್ಟ ಹಣ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅವುಗಳಲ್ಲಿ ಲೇಖನ ಬರೆಯುವ ನಮ್ಮ ಸಂಶೋಧಕರಿಗೆ ಇವತ್ತಿಗೂ ಸಂಭಾವನೆ ಇಲ್ಲ.