ನೆಲದ ಮೇಲಿನ ಬೇಲಿ, ನೆಲದಡಿಯ ಎಣ್ಣೆ: ಕಚ್ಚಾ ತೈಲದ ಇತಿಹಾಸದಲ್ಲಿ ಒಡೆತನದ ನಿಯಮಗಳು

ಕಚ್ಚಾ ತೈಲದ ಇತಿಹಾಸವನ್ನು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಬರೆಯಲಾಗಿದೆ. ಒಂದು ಯಂತ್ರಗಳ ದಾರಿ. 1859ರ ಆಗಸ್ಟ್ 27ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಟೈಟಸ್‌ವಿಲ್ ಬಳಿ ಎಡ್ವಿನ್ ಡ್ರೇಕ್ ಕೊರೆಸಿದ, 70 ಅಡಿಯೂ ಆಳವಿಲ್ಲದ ಬಾವಿಯಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿಂದ ಹೊರಟ ಈ ದಾರಿ ಕಡಲಾಳದ ರಿಗ್ಗುಗಳವರೆಗೆ ಬರುತ್ತದೆ. ಇನ್ನೊಂದು ರಾಜಕಾರಣದ ದಾರಿ. ಸಾಮ್ರಾಜ್ಯ, ಯುದ್ಧ, ರಾಷ್ಟ್ರೀಕರಣ, ಬೆಲೆಯ ಏರಿಳಿತಗಳು ಅದರ ಮೈಲಿಗಲ್ಲುಗಳು. ಎರಡೂ ಬೇಕಾದವೇ. ಆದರೆ ಇವೆರಡರ ನಡುವೆ ಒಂದು ಪ್ರಶ್ನೆ ಅಡಿಟಿಪ್ಪಣಿಗೆ ಸರಿದುಹೋಗಿದೆ: ನೆಲದಡಿ ಸರಿದಾಡುವ ದ್ರವಕ್ಕೆ ಒಡೆಯರು ಯಾರು? ಒಂದು ನಿಕ್ಷೇಪದ ಮೇಲೆ ಎಷ್ಟು ಬಾವಿಗಳು ಎದ್ದವು, ಎಣ್ಣೆಯನ್ನು ಎಷ್ಟು ಅವಸರದಲ್ಲಿ ಎತ್ತಲಾಯಿತು, ಎಷ್ಟು ಪೋಲಾಯಿತು, ಕೊನೆಗೆ ಅದು ಯಾವ ಬಳಕೆಗೆ ಬಂತು ಎಂಬುದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸಿದ್ದು ಹಕ್ಕಿನ ಗಡಿಯೂ ನಿಕ್ಷೇಪದ ಗಡಿಯೂ ಒಂದೇ ಆಗಿದ್ದವೋ ಇಲ್ಲವೋ ಎಂಬ ಸಂಗತಿ. ಇದು ಈ ಲೇಖನದ ವಾದ.

ಈ ಪ್ರಶ್ನೆಗೆ ಅಷ್ಟು ತೂಕ ಬರುವುದು ಎಣ್ಣೆಯ ಸ್ವಭಾವದಿಂದಲೇ. ಎಣ್ಣೆ ನೆಲದಡಿ ಕೆರೆಯಂತೆ ನಿಂತಿರುವುದಿಲ್ಲ. ಕಡಲ ತಳದಲ್ಲಿ ಹೂತ ಸೂಕ್ಷ್ಮಜೀವಿಗಳ ಅವಶೇಷ ಕೋಟ್ಯಂತರ ವರ್ಷಗಳ ಶಾಖ, ಒತ್ತಡಗಳಿಂದ ತೈಲವಾಗುತ್ತದೆ. ಅದು ಹುಟ್ಟಿದ ಶಿಲೆಯಿಂದ ಮೇಲಕ್ಕೆ ಸರಿದು, ಮರಳುಗಲ್ಲಿನ ರಂಧ್ರಗಳಲ್ಲೋ ಸುಣ್ಣಗಲ್ಲಿನ ಬಿರುಕುಗಳಲ್ಲೋ ಸೇರಿ, ದ್ರವ ದಾಟಲಾಗದ ಪದರವೊಂದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಾವಿಯತ್ತ ತಳ್ಳುವುದು ಅದರಲ್ಲಿ ಕರಗಿರುವ ಅನಿಲ, ಅದರ ಮೇಲೆ ಸಂಗ್ರಹವಾದ ಅನಿಲ ಅಥವಾ ಕೆಳಗಿನಿಂದ ಒತ್ತುವ ನೀರು. ಈ ಒತ್ತಡವೇ ನಿಕ್ಷೇಪದ ನಿಜವಾದ ಬಂಡವಾಳ. ಅವಸರದಿಂದ ಎತ್ತಿದರೆ ಅನಿಲ ಮೊದಲೇ ಹೊರಬಿದ್ದು ಎಣ್ಣೆ ಹಿಂದೆ ಉಳಿಯುತ್ತದೆ, ಇಲ್ಲವೇ ನೀರು ಎಣ್ಣೆಯನ್ನು ದಾಟಿಕೊಂಡು ಬಾವಿಗೆ ನುಗ್ಗುತ್ತದೆ. ಜಗತ್ತಿನಾದ್ಯಂತ ನಿಕ್ಷೇಪದಲ್ಲಿರುವ ಎಣ್ಣೆಯ ಸುಮಾರು ಮೂರನೇ ಒಂದು ಭಾಗ ಮಾತ್ರ ಮೇಲೆ ಬರುತ್ತದೆ ಎಂಬ ಸ್ಥೂಲ ಲೆಕ್ಕವಿದೆ. ಆ ಪಾಲು ಹೆಚ್ಚುವುದೋ ಕುಗ್ಗುವುದೋ ಎಂಬುದಕ್ಕೆ ಶಿಲೆ ಎಷ್ಟು ಕಾರಣವೋ ಎತ್ತುವ ಕ್ರಮವೂ ಅಷ್ಟೇ ಕಾರಣ. ಒಬ್ಬನ ಬಾವಿ ಇಳಿಸಿದ ಒತ್ತಡದ ನಷ್ಟ ಅವನೊಬ್ಬನದಾಗಿ ಉಳಿಯದೆ, ಅದೇ ಶಿಲೆಗೆ ಬಾವಿ ಇಳಿಸಿದವರೆಲ್ಲರದೂ ಆಗುತ್ತದೆ.

ಪೆನ್ಸಿಲ್ವೇನಿಯಾದ ನ್ಯಾಯಾಲಯಗಳ ಮುಂದೆ ಎಣ್ಣೆಯ ವ್ಯಾಜ್ಯಗಳು ಬಂದಾಗ ಈ ಭೌತವಿಜ್ಞಾನ ಯಾರಿಗೂ ಸ್ಪಷ್ಟವಿರಲಿಲ್ಲ. ಕೈಗೆ ಸಿಕ್ಕಿದ್ದು ನೀರಿನ ಕಾನೂನು. ಭೂಮಾಲೀಕ ತನ್ನ ನೆಲದಲ್ಲಿ ತೋಡಿ ನೆರೆಯವನ ಬಾವಿ ಬತ್ತಿಸಿದರೂ ಅದು ಅಪರಾಧವಲ್ಲವೆಂದು ಇಂಗ್ಲೆಂಡಿನ ನ್ಯಾಯಾಲಯ 1843ರ ಆಕ್ಟನ್ ವಿರುದ್ಧ ಬ್ಲಂಡೆಲ್ ಪ್ರಕರಣದಲ್ಲಿ ಹೇಳಿತ್ತು. ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯ 1889ರಲ್ಲಿ ಎಣ್ಣೆ ಮತ್ತು ಅನಿಲವನ್ನು ಕಾಡುಪ್ರಾಣಿಗಳಿಗೆ ಹೋಲಿಸಿತು: ನಿನ್ನ ನೆಲದಲ್ಲಿರುವವರೆಗೆ ನಿನ್ನದು, ಪಕ್ಕದವನ ನೆಲಕ್ಕೆ ಹೋಗಿ ಅವನ ಕೈಗೆ ಸಿಕ್ಕರೆ ಅವನದು. 1907ರ ಇನ್ನೊಂದು ತೀರ್ಪು ನಷ್ಟ ಹೊಂದಿದ ನೆರೆಯವನಿಗೆ ತೋರಿಸಿದ ಪರಿಹಾರ ಒಂದೇ: ನೀನೂ ಕೊರೆ. ಇದನ್ನು ಇಲ್ಲಿ ಹಿಡಿದವನ ಹಕ್ಕು ಎಂದು ಕರೆಯೋಣ. ಕನ್ನಡ ನಾಡಿನವರಿಗೆ ಈ ತರ್ಕ ಹೊಸದಲ್ಲ. ಅದೇ ಇಂಗ್ಲಿಷ್ ಮೂಲದ ತತ್ತ್ವ 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ ಮೂಲಕ ನಮ್ಮ ಅಂತರ್ಜಲಕ್ಕೂ ಬಂತು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಒಬ್ಬನ ಕೊಳವೆಬಾವಿ ಸಾವಿರ ಅಡಿ ದಾಟಿದರೆ ಪಕ್ಕದವನೂ ಅದಕ್ಕಿಂತ ಆಳಕ್ಕೆ ಇಳಿಯಬೇಕಾಗಿ ಬಂದುದರ ಹಿಂದೆ ಬರಗಾಲದಷ್ಟೇ ಈ ಕಾನೂನೂ ಇದೆ. ಕರ್ನಾಟಕ 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆ ತಂದದ್ದು ಈ ಪೈಪೋಟಿಗೆ ಕಡಿವಾಣ ಹಾಕಲೆಂದೇ.

ಎಣ್ಣೆಯ ವಿಷಯದಲ್ಲಿ ಪರಿಣಾಮ ಬಹಳ ಬೇಗ ಕಂಡಿತು. ಪೆನ್ಸಿಲ್ವೇನಿಯಾದಲ್ಲಿ 1861ರ ಆರಂಭಕ್ಕೆ ಬ್ಯಾರೆಲ್ಲಿಗೆ ಸುಮಾರು 10 ಡಾಲರ್ ಇದ್ದ ಬೆಲೆ ವರ್ಷದ ಕೊನೆಗೆ 10 ಸೆಂಟಿಗೆ ಕುಸಿಯಿತು. ಬೆಲೆ ಬಿದ್ದಾಗ ಉತ್ಪಾದನೆ ನಿಲ್ಲಿಸುವುದು ಯಾವ ವ್ಯಾಪಾರದಲ್ಲೂ ಸಹಜ; ಇಲ್ಲಿ ನಿಲ್ಲಿಸಿದವನ ಎಣ್ಣೆ ನೆರೆಯವನ ಬಾವಿಗೆ ಹರಿಯುತ್ತಿತ್ತು. ಕಾಯುವುದೆಂದರೆ ಕಳೆದುಕೊಳ್ಳುವುದು. ಟೆಕ್ಸಸ್‌ನ ಸ್ಪಿಂಡಲ್‌ಟಾಪ್ ಗುಡ್ಡದಲ್ಲಿ 1901ರ ಜನವರಿ 10ರಂದು ಚಿಮ್ಮಿದ ಬಾವಿಯನ್ನು ಮುಚ್ಚಲು ಒಂಬತ್ತು ದಿನ ಹಿಡಿಯಿತು. ಒಂದೆರಡು ವರ್ಷಗಳಲ್ಲೇ ಆ ಚಿಕ್ಕ ಗುಡ್ಡದ ಮೇಲೆ ನೂರಾರು ಬಾವಿಗಳು ಎದ್ದು, ನಿಕ್ಷೇಪದ ಒತ್ತಡ ಕುಸಿದು, 1904ರ ಹೊತ್ತಿಗೆ ಉತ್ಪಾದನೆ ನೆಲಕಚ್ಚಿತ್ತು. ಬಳಕೆಯ ಇತಿಹಾಸಕ್ಕೂ ಇಲ್ಲೊಂದು ಸುಳಿವಿದೆ. ಅಲ್ಲಿಯವರೆಗೆ ಎಣ್ಣೆಯೆಂದರೆ ಮುಖ್ಯವಾಗಿ ದೀಪದ ಸೀಮೆಎಣ್ಣೆ. ಸ್ಪಿಂಡಲ್‌ಟಾಪ್‌ನ ಭಾರದ ಎಣ್ಣೆ ಅದಕ್ಕೆ ಒಗ್ಗುವಂಥದ್ದಲ್ಲ, ಆದರೆ ಒಂದು ಹಂತದಲ್ಲಿ ಬ್ಯಾರೆಲ್ಲಿಗೆ ಮೂರು ಸೆಂಟಿನಷ್ಟು ಅಗ್ಗ. ಕಲ್ಲಿದ್ದಲಿನ ಬದಲು ಅದನ್ನೇ ಉರಿಸಲು ರೈಲ್ವೆಗಳು ಮುಂದಾದವು. ಸಾಂಟಾ ಫೆ ರೈಲ್ವೆಯಲ್ಲಿ 1901ರಲ್ಲಿ ಒಂದೇ ಒಂದಿದ್ದ ಎಣ್ಣೆಯ ಎಂಜಿನ್‌ಗಳು 1905ಕ್ಕೆ 227 ಆದವು. ದೀಪದ ಎಣ್ಣೆ ಎಂಜಿನ್ನಿನ ಇಂಧನವಾದುದರಲ್ಲಿ ಆವಿಷ್ಕಾರದ ಪಾಲೆಷ್ಟೋ, ಕಾಯಲಾಗದ ಒಡೆಯರು ಮಾರುಕಟ್ಟೆಗೆ ಸುರಿದ ಅಗ್ಗದ ಎಣ್ಣೆಯ ಪಾಲೂ ಅಷ್ಟೇ ಇದೆ.

ಈ ನಿಯಮ ತನ್ನ ಕೊನೆಯ ಅಂಚು ಮುಟ್ಟಿದ್ದು ಪೂರ್ವ ಟೆಕ್ಸಸ್‌ನಲ್ಲಿ. 1930ರ ಅಕ್ಟೋಬರಿನಲ್ಲಿ ‘ಡ್ಯಾಡ್’ ಜೋಯ್ನರ್ ಎಂಬ ಸಾಹಸಿ ಕೊರೆಸಿದ ಮೂರನೆಯ ಬಾವಿ ಅಲ್ಲಿಯ ನಿಕ್ಷೇಪವನ್ನು ತೆರೆಯಿತು. ಸುಮಾರು 1,40,000 ಎಕರೆ ಹರಡಿದ್ದ ಅದರ ಮೇಲಿನ ನೆಲ ಸಾವಿರಾರು ಸಣ್ಣ ಹಿಡುವಳಿಗಳಾಗಿ ಹಂಚಿಹೋಗಿತ್ತು. ಮುಂದಿನ ದಶಕಗಳಲ್ಲಿ ಅಲ್ಲಿ 30,000ಕ್ಕೂ ಹೆಚ್ಚು ಬಾವಿಗಳು ಕೊರೆಯಲ್ಪಟ್ಟವು. ಕಿಲ್ಗೋರ್ ಊರಿನ ನಡುಬೀದಿಯಲ್ಲೇ ಬಾವಿಯ ಗೋಪುರಗಳು ಒಂದಕ್ಕೊಂದು ತಾಗುವಂತೆ ನಿಂತವು. 1931ರಲ್ಲಿ ಬ್ಯಾರೆಲ್ ಬೆಲೆ ಮತ್ತೆ 10 ಸೆಂಟಿನ ಹತ್ತಿರ ಬಂದಾಗ ಗವರ್ನರ್ ರಾಸ್ ಸ್ಟರ್ಲಿಂಗ್ ಆಗಸ್ಟ್‌ನಲ್ಲಿ ಸೈನಿಕ ಕಾನೂನು ಹೇರಿ, ಬಾವಿಗಳನ್ನು ಮುಚ್ಚಿಸಲು ರಾಷ್ಟ್ರೀಯ ಗಾರ್ಡ್ ಪಡೆ ಕಳಿಸಿದರು. ಆಮೇಲೆ ಟೆಕ್ಸಸ್ ರೈಲ್‌ರೋಡ್ ಆಯೋಗ ಪ್ರತಿ ಬಾವಿಗೂ ಉತ್ಪಾದನೆಯ ಮಿತಿ ಗೊತ್ತುಮಾಡಿತು. ಮಿತಿ ಮೀರಿ ಎತ್ತಿದ ಎಣ್ಣೆಯ ಕಳ್ಳಸಾಗಣೆಯನ್ನು 1935ರ ಕಾನೆಲಿ ಕಾಯ್ದೆ ತಡೆಯಿತು. ಎಣ್ಣೆಯ ಜೊತೆ ಬಂದ ಉಪ್ಪುನೀರನ್ನು ಮರಳಿ ನಿಕ್ಷೇಪಕ್ಕೇ ತುಂಬಿ ಒತ್ತಡ ಕಾಯುವ ವ್ಯವಸ್ಥೆಯೂ ಬಂತು. ಹೀಗೆ ಹಿಡಿತಕ್ಕೆ ಬಂದ ಅದೇ ನಿಕ್ಷೇಪ 500 ಕೋಟಿ ಬ್ಯಾರೆಲ್‌ಗೂ ಹೆಚ್ಚು ಎಣ್ಣೆ ಕೊಟ್ಟಿದೆ.

ಪರ್ಷಿಯಾದ ಕಥೆ ಇದಕ್ಕೆ ತದ್ವಿರುದ್ಧ. 1901ರ ಮೇ 28ರಂದು ದೊರೆ ಮುಜಫ್ಫರುದ್ದೀನ್ ಷಾ, ಉತ್ತರದ ಐದು ಪ್ರಾಂತಗಳನ್ನು ಬಿಟ್ಟು ಉಳಿದ ದೇಶವನ್ನೆಲ್ಲ 60 ವರ್ಷಗಳ ಅವಧಿಗೆ ವಿಲಿಯಂ ನಾಕ್ಸ್ ಡಾರ್ಸಿ ಎಂಬ ಬ್ರಿಟಿಷ್ ಉದ್ಯಮಿಗೆ ಎಣ್ಣೆಯ ಗುತ್ತಿಗೆಯಾಗಿ ಕೊಟ್ಟ. ಪ್ರತಿಯಾಗಿ ಸಿಕ್ಕಿದ್ದು 20,000 ಪೌಂಡ್ ನಗದು, ಅಷ್ಟೇ ಮೊತ್ತದ ಷೇರು, ನಿವ್ವಳ ಲಾಭದಲ್ಲಿ ಶೇ. 16 ಪಾಲು. 1908ರ ಮೇ ತಿಂಗಳಲ್ಲಿ ಮಸ್ಜಿದ್ ಸುಲೇಮಾನ್‌ನಲ್ಲಿ ಎಣ್ಣೆ ಸಿಕ್ಕಿತು. ಮರುವರ್ಷ ಆಂಗ್ಲೋ ಪರ್ಷಿಯನ್ ಕಂಪನಿ ಹುಟ್ಟಿತು. ಅಲ್ಲಿ ಬೇಲಿಯಾಚೆಗೆ ನೆರೆಯವನೇ ಇರಲಿಲ್ಲ. ಕಂಪನಿ ಬಾವಿಗಳನ್ನು ದೂರದೂರ ಇಟ್ಟು, ಕೊಳವೆ ಸಾಲಿಗೂ ಅಬಾದಾನ್ ಸಂಸ್ಕರಣಾಗಾರಕ್ಕೂ ಬೇಕಾದಷ್ಟೇ ಎತ್ತಿ, ಉಳಿದದ್ದನ್ನು ಶಿಲೆಯಲ್ಲೇ ಬಿಡಬಹುದಾಗಿತ್ತು. ನೆಲದಡಿಯ ಶಿಲೆಗಿಂತ ಅಗ್ಗದ ಉಗ್ರಾಣವಿಲ್ಲ. ಭಾರತ ತುರ್ತು ಸಂಗ್ರಹಕ್ಕಾಗಿ ಮಂಗಳೂರಿನಲ್ಲಿ 15 ಲಕ್ಷ ಟನ್ನಿನ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನಿನ ಗುಹೆಗಳನ್ನು ಬಂಡೆಯಲ್ಲಿ ಕೊರೆಸಿ ಕಚ್ಚಾ ತೈಲ ತುಂಬಬೇಕಾಗಿ ಬಂದುದನ್ನು ನೋಡಿದರೆ ಈ ಅನುಕೂಲದ ಬೆಲೆ ತಿಳಿಯುತ್ತದೆ. ಅಮೆರಿಕದಲ್ಲೂ ಇದನ್ನು ಕಂಡವರಿದ್ದರು. ಉದ್ಯಮಿ ಹೆನ್ರಿ ಡೊಹರ್ಟಿ 1924ರಲ್ಲಿ ಅಧ್ಯಕ್ಷ ಕೂಲಿಜ್‌ಗೆ ಪತ್ರ ಬರೆದು, ಪ್ರತಿ ನಿಕ್ಷೇಪವನ್ನೂ ಒಂದೇ ಘಟಕವಾಗಿ ನಿರ್ವಹಿಸಬೇಕೆಂದು ಒತ್ತಾಯಿಸಿದರು. ಸಹ ಉದ್ಯಮಿಗಳು ಅವರನ್ನು ವೈರಿಯಂತೆ ಕಂಡರು.

ಇಲ್ಲೊಂದು ಆಕ್ಷೇಪ ಏಳುತ್ತದೆ: ಟೆಕ್ಸಸ್ ಮತ್ತು ಪರ್ಷಿಯಾಗಳ ಅಂತರಕ್ಕೆ ಕಾರಣ ಕಾನೂನಲ್ಲ, ಶಿಲೆ; ದೊಡ್ಡ ನಿಕ್ಷೇಪಕ್ಕೆ ಕೆಲವೇ ಬಾವಿ ಸಾಕು, ಸಣ್ಣದಕ್ಕೆ ಸಾಲದು. ಶಿಲೆಯ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಶಿಲೆ ಒಂದೇ ಆಗಿದ್ದು ನಿಯಮ ಮಾತ್ರ ಬೇರೆಯಾದ ಕಡೆ ಏನಾಯಿತು ಎಂದು ನೋಡಬಹುದು. ಪೂರ್ವ ಟೆಕ್ಸಸ್‌ನಲ್ಲಿ ಮಿತಿಗೆ ಮುಂಚಿನ ಮತ್ತು ಆಮೇಲಿನ ಶಿಲೆ ಒಂದೇ. ಬರ್ಮಾದ ಯೆನಾಂಜಾವ್ ಇನ್ನೂ ಸ್ಪಷ್ಟವಾದ ಸಾಕ್ಷಿ. ಡ್ರೇಕ್‌ಗಿಂತ ಬಹಳ ಮುಂಚೆ, 1797ರಲ್ಲಿ ಬ್ರಿಟಿಷ್ ದೂತ ಹೈರಮ್ ಕಾಕ್ಸ್ ಅಲ್ಲಿಗೆ ಹೋದಾಗ ಕೈಯಿಂದ ತೋಡಿದ 500ಕ್ಕೂ ಹೆಚ್ಚು ಬಾವಿಗಳಿದ್ದವು. ಟ್ವಿನ್ಜಾ ಎಂದು ಕರೆಯುತ್ತಿದ್ದ 24 ಮನೆತನಗಳಿಗೆ ಅವುಗಳ ವಂಶಪಾರಂಪರ್ಯ ಹಕ್ಕಿತ್ತು. ಬ್ರಿಟಿಷರು ಬಂದ ಮೇಲೆ ಬರ್ಮಾ ಆಯಿಲ್ ಕಂಪನಿಗೆ ವಿಶಾಲ ಗುತ್ತಿಗೆ ಪ್ರದೇಶಗಳು ಸಿಕ್ಕವು. ಟ್ವಿನ್ಜಾಗಳಿಗೆಂದು ಕಾದಿರಿಸಿದ ನೆಲ ಮಾತ್ರ ಸಣ್ಣ ಸಣ್ಣ ನಿವೇಶನಗಳಾಗಿ ಬೇರೆ ಬೇರೆ ಕಂಪನಿಗಳ ಕೈಸೇರಿತು. ಗೋಪುರಗಳು ಕಾಡಿನಂತೆ ಒತ್ತೊತ್ತಾಗಿ ಎದ್ದು ಪೈಪೋಟಿ ಮಿತಿಮೀರಿದ್ದು ಈ ಎರಡನೆಯ ನೆಲದಲ್ಲಿ. ಮೆಕ್ಸಿಕೊ ಕೂಡ ಇದನ್ನೇ ಹೇಳುತ್ತದೆ. ನೆಲದಡಿಯ ಎಣ್ಣೆ ಭೂಮಾಲೀಕನದೆಂದು 1884ರ ಕಾನೂನು ಸಾರಿದ ಮೇಲೆ ಅಲ್ಲಿಯ ಸುಣ್ಣಗಲ್ಲಿನ ನಿಕ್ಷೇಪಗಳಿಗೆ ಕಂಪನಿಗಳು ಮುಗಿಬಿದ್ದವು. 1921ರಲ್ಲಿ 19 ಕೋಟಿ ಬ್ಯಾರೆಲ್‌ಗೆ ಏರಿದ ಉತ್ಪಾದನೆ, ಬಾವಿಗಳಿಗೆ ಉಪ್ಪುನೀರು ನುಗ್ಗಿ ಕೆಲವೇ ವರ್ಷಗಳಲ್ಲಿ ಇಳಿಯಿತು. ಮಸ್ಜಿದ್ ಸುಲೇಮಾನ್‌ನದೂ ಸುಣ್ಣಗಲ್ಲೇ. ಅದು ದಶಕಗಟ್ಟಲೆ ಎಣ್ಣೆ ಕೊಟ್ಟಿತು.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಹಿಡಿದವನ ಹಕ್ಕು ಎಣ್ಣೆಯನ್ನು ಪೋಲು ಮಾಡಿರಬಹುದು, ಆದರೆ ಎಣ್ಣೆಯನ್ನು ಹುಡುಕಿದ್ದೂ ಅದೇ ಅಲ್ಲವೇ? ದೊಡ್ಡ ಕಂಪನಿಗಳ ಭೂವಿಜ್ಞಾನಿಗಳು ಕೈಬಿಟ್ಟಿದ್ದ ನೆಲದಲ್ಲಿ ಕೊರೆದದ್ದು ಜೋಯ್ನರ್‌ನಂಥ ಸಾಹಸಿ. ಎಣ್ಣೆ ನನ್ನದಾಗುತ್ತದೆಂಬ ಭರವಸೆ ಸಾವಿರಾರು ಜನರನ್ನು ಕೊರೆಯಲು ಹಚ್ಚಿತು. ಈಚಿನ ಶೇಲ್ ತೈಲದ ಹಿಂದೆಯೂ ಅಮೆರಿಕದ ಖಾಸಗಿ ಖನಿಜ ಹಕ್ಕಿನ ಪ್ರೇರಣೆ ಇದೆ. ಇದನ್ನು ಒಪ್ಪಲೇಬೇಕು. ಆದರೆ ಹುಡುಕುವುದು ಒಂದು ಕೆಲಸ, ಎತ್ತುವುದು ಇನ್ನೊಂದು. ಹುಡುಕುವವನಿಗೆ ಬೇಕಾದದ್ದು ಫಲದಲ್ಲಿ ಖಚಿತವಾದ ಪಾಲು. ನೆರೆಯವನ ಎಣ್ಣೆಯನ್ನು ಸೆಳೆಯುವ ಸ್ವಾತಂತ್ರ್ಯವಲ್ಲ. ನಿಕ್ಷೇಪವನ್ನು ಒಂದೇ ಘಟಕವಾಗಿಸಿ ಪಾಲು ಹಂಚುವ ವ್ಯವಸ್ಥೆಯಲ್ಲಿ ಮೊದಲನೆಯದು ಉಳಿಯುತ್ತದೆ, ಎರಡನೆಯದು ಹೋಗುತ್ತದೆ. ಶೇಲ್‌ನಲ್ಲಿ ಪೈಪೋಟಿಯ ಕೇಡು ಕಡಿಮೆ ಕಂಡದ್ದಕ್ಕೆ ಕಾರಣವೂ ಆ ಶಿಲೆಯೇ: ಅದರಲ್ಲಿ ಎಣ್ಣೆ ತಾನಾಗಿ ದೂರ ಹರಿಯುವುದಿಲ್ಲ, ಒಡೆದಷ್ಟೇ ಬರುತ್ತದೆ.

ಹಾಗಾದರೆ ಒಬ್ಬನೇ ಒಡೆಯನಿದ್ದರೆ ಎಲ್ಲವೂ ಸರಿಯೇ? ಇಲ್ಲ. ಕಾಯುವ ಸಾಮರ್ಥ್ಯ ಯಾರ ಹಿತಕ್ಕೆ ಬಳಕೆಯಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇರಾಕ್ ಪೆಟ್ರೋಲಿಯಂ ಕಂಪನಿಯ ಕೈಯಲ್ಲಿ ಹೆಚ್ಚುಕಡಿಮೆ ಇಡೀ ದೇಶವಿತ್ತು, ಆದರೆ ಅದರ ಪಾಲುದಾರರಿಗೆ ಬೇರೆಡೆಯೂ ಎಣ್ಣೆಯಿದ್ದುದರಿಂದ ಇರಾಕಿನದು ನೆಲದಡಿಯೇ ಕೂತಿತು. 1961ರ 80ನೆಯ ಕಾನೂನಿನಿಂದ ಸರ್ಕಾರ ಗುತ್ತಿಗೆಯ ಶೇ. 99.5ರಷ್ಟು ನೆಲವನ್ನು ಹಿಂಪಡೆಯಿತು. ಪರ್ಷಿಯಾದಲ್ಲಿ ಲಾಭದ ಲೆಕ್ಕದ ಜಗಳ 1932ರಲ್ಲಿ ಗುತ್ತಿಗೆ ರದ್ದತಿಗೂ, ಮರುವರ್ಷದ ಹೊಸ ಒಪ್ಪಂದಕ್ಕೂ, 1951ರಲ್ಲಿ ಪ್ರಧಾನಿ ಮೊಸಾದೆಕ್ ಕಾಲದ ರಾಷ್ಟ್ರೀಕರಣಕ್ಕೂ ದಾರಿಯಾಯಿತು. ಸರ್ಕಾರವೇ ಒಡೆಯನಾದರೂ ಅವಸರ ತಪ್ಪುವುದಿಲ್ಲ. ಸೋವಿಯತ್ ಒಕ್ಕೂಟದ ಸಮೊತ್ಲೋರ್ ನಿಕ್ಷೇಪದಲ್ಲಿ ಯೋಜನೆಯ ಗುರಿ ಮುಟ್ಟಲು ವಿಪರೀತ ನೀರು ತುಂಬಿ ಎಣ್ಣೆ ತೆಗೆದರು. 1980ರಲ್ಲಿ ಶಿಖರ ಮುಟ್ಟಿದ ಉತ್ಪಾದನೆ ಬೇಗನೆ ಕುಸಿಯಿತು, ಬಾವಿಗಳಲ್ಲಿ ಎಣ್ಣೆಗಿಂತ ನೀರೇ ಹೆಚ್ಚಾಯಿತು. ಆದ್ದರಿಂದ ವಾದವನ್ನು ಹೀಗೆ ತಿದ್ದಿಕೊಳ್ಳಬೇಕು: ಹಕ್ಕಿನ ಗಡಿ ಮತ್ತು ನಿಕ್ಷೇಪದ ಗಡಿ ಒಂದಾದರೆ ಕಾಯುವುದು ಸಾಧ್ಯವಾಗುತ್ತದೆ, ನ್ಯಾಯ ಮತ್ತು ವಿವೇಕ ತಾವಾಗಿ ಬರುವುದಿಲ್ಲ. ಗಡಿ ಒಂದಾಗದಿದ್ದರೆ ಒಡೆಯ ಎಷ್ಟೇ ವಿವೇಕಿಯಾದರೂ ಕಾಯಲಾರ.

ಇದು ಹಳೆಯ ಅಮೆರಿಕದ ಸಮಸ್ಯೆ ಎಂದುಕೊಳ್ಳುವಂತಿಲ್ಲ. ದೇಶಗಳ ನಡುವೆ ಅದೇ ತರ್ಕ ಯುದ್ಧಕ್ಕೂ ನೆಪವಾಗಿದೆ. ಕುವೈತಿನೊಳಗೂ ಚಾಚಿಕೊಂಡಿರುವ ರುಮೈಲಾ ನಿಕ್ಷೇಪದಿಂದ ಕುವೈತ್ 240 ಕೋಟಿ ಡಾಲರಿನ ಎಣ್ಣೆ ಕದ್ದಿದೆ ಎಂಬುದು 1990ರ ಜುಲೈಯಲ್ಲಿ ಇರಾಕ್ ಹೊರಿಸಿದ ಆರೋಪಗಳಲ್ಲಿ ಒಂದು. ಆಗಸ್ಟ್‌ನಲ್ಲಿ ಅದರ ಸೇನೆ ಕುವೈತ್ ಹೊಕ್ಕಿತು. ಭಾರತದಲ್ಲಿ 1948ರ ತೈಲಕ್ಷೇತ್ರ ಕಾಯ್ದೆಯಡಿ ಗುತ್ತಿಗೆಯ ನಿಯಂತ್ರಣ ಸರ್ಕಾರದ್ದು, ಸಂವಿಧಾನದ 297ನೆಯ ವಿಧಿಯಂತೆ ಕಡಲ ತಳದ ಸಂಪತ್ತು ಒಕ್ಕೂಟದ್ದು. 1974ರಲ್ಲಿ ಪತ್ತೆಯಾದ ಬಾಂಬೆ ಹೈ ಒಎನ್‌ಜಿಸಿಯೊಂದರ ಕೈಯಲ್ಲೇ ಇದ್ದುದರಿಂದ ಅಲ್ಲಿ ನೆರೆಯವನ ಜಗಳ ಬರಲಿಲ್ಲ. ಕೃಷ್ಣಾ ಗೋದಾವರಿ ಕೊಳ್ಳದಲ್ಲಿ ಬಂತು. ತನ್ನ ಬ್ಲಾಕಿನ ಅನಿಲ ರಿಲಯನ್ಸ್ ನಿರ್ವಹಿಸುವ ಪಕ್ಕದ ಬ್ಲಾಕಿನ ಬಾವಿಗಳಿಗೆ ಹರಿದಿದೆಯೆಂದು ಒಎನ್‌ಜಿಸಿ 2014ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಸರ್ಕಾರ 2016ರಲ್ಲಿ ರಿಲಯನ್ಸ್‌ನಿಂದ 155 ಕೋಟಿ ಡಾಲರ್ ಕೇಳಿತು. 2018ರ ಮಧ್ಯಸ್ಥಿಕೆ ತೀರ್ಪು ರಿಲಯನ್ಸ್ ಪರ ಬಂತು. 2025ರ ಫೆಬ್ರವರಿಯಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಕಡಲ ತಳದ ಸಂಪತ್ತು ಒಕ್ಕೂಟದ್ದೆಂದು ಹೇಳುವ ದೇಶದಲ್ಲೂ ನಕ್ಷೆಯ ಮೇಲೆ ಎಳೆದ ಬ್ಲಾಕಿನ ಗೆರೆ ಶಿಲೆಯ ಗೆರೆಗೆ ಹೊಂದದಿದ್ದರೆ ಪೆನ್ಸಿಲ್ವೇನಿಯಾದ ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ.

ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಎಣ್ಣೆ ಬಳಸುವ ಇಂದಿನ ಜಗತ್ತು, ಹವಾಮಾನದ ಕಾರಣಕ್ಕೆ ಅದರಲ್ಲಿ ಎಷ್ಟನ್ನು ಎತ್ತದೆ ಬಿಡಬೇಕು ಎಂದು ಕೇಳುತ್ತಿದೆ. 2023ರ ಆಗಸ್ಟ್‌ನಲ್ಲಿ ಈಕ್ವೆಡಾರ್‌ನ ಮತದಾರರು ಯಾಸುನಿ ಅರಣ್ಯದ ಒಂದು ಬ್ಲಾಕಿನ ಎಣ್ಣೆಯನ್ನು ನೆಲದಲ್ಲೇ ಬಿಡಬೇಕೆಂದು ತೀರ್ಮಾನಿಸಿದರು. ಅದು ಜಾರಿಯಾಗುವ ವೇಗ ಬೇರೆ ಮಾತು. ಅಂಥ ಮತದಾನವೇ ಸಾಧ್ಯವಾದದ್ದು ನೆಲದಡಿಯ ಹಕ್ಕು ಇಡಿಯಾಗಿ ದೇಶದ್ದಾಗಿದ್ದುದರಿಂದ. ಹಿಡಿದವನ ಹಕ್ಕು ನಡೆಯುವಲ್ಲಿ ಒಬ್ಬ ಬಿಟ್ಟ ಎಣ್ಣೆ ಇನ್ನೊಬ್ಬನ ಕೊಳವೆ ಸೇರುತ್ತದೆ. ಎತ್ತುವ ಹಕ್ಕನ್ನು ಹಂಚುವ ಕಾನೂನನ್ನು ಎಣ್ಣೆಯ ಜಗತ್ತು ಒಂದೂವರೆ ಶತಮಾನದಿಂದ ತಿದ್ದುತ್ತ ಬಂದಿದೆ. ಎತ್ತದೆ ಬಿಡುವ ಹಕ್ಕು ಯಾರದು, ಬಿಟ್ಟವರ ನಷ್ಟವನ್ನು ತುಂಬುವವರು ಯಾರು ಎಂಬುದಕ್ಕೆ ಕಾನೂನು ಇನ್ನು ರೂಪುಗೊಳ್ಳಬೇಕಿದೆ. ಅದು ರೂಪುಗೊಳ್ಳುವಾಗಲೂ ಮೊದಲು ಕೇಳಬೇಕಾದದ್ದು ಹಕ್ಕಿನ ಗಡಿಯೂ ನಿಕ್ಷೇಪದ ಗಡಿಯೂ ಒಂದೇ ಆಗಿವೆಯೇ ಎಂದು.