ಬಾಣ ಎಲ್ಲಿ ಮುರಿಯುತ್ತೆ?

ಕೊಲೊರಾಡೋದಲ್ಲಿರುವ ನನ್ನ ಗೆಳೆಯನೊಬ್ಬ ಸಾಫ್ಟ್‌ವೇರ್ ಕೆಲಸದ ಮಧ್ಯೆ ಬಿಲ್ಲುಬೇಟೆಯ ಹುಚ್ಚು ಹತ್ತಿಸಿಕೊಂಡಿದ್ದಾನೆ. ಅಲ್ಲಿ ಲೈಸೆನ್ಸ್ ಪಡೆದು ಸೆಪ್ಟೆಂಬರ್ ಸೀಸನ್ನಿನಲ್ಲಿ ಎಲ್ಕ್ ಹೊಡೆಯಬಹುದು. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಯಾರೂ ಪ್ರಯೋಗ ಮಾಡೋಕೆ ಹೋಗಬೇಡಿ.) ಹೋದ ತಿಂಗಳು ಫೋನ್ ಮಾಡಿ, "ಲೋ, ನೀನು ಮೆಕ್ಯಾನಿಕಲ್ ಓದಿದವನಲ್ವಾ? ಮೈಕ್ರೋ ಶಾಫ್ಟ್ ತಗೊಳ್ಳಲಾ ಬೇಡ್ವಾ ಹೇಳು" ಅಂದ.

ಮೈಕ್ರೋ ಅಂದರೆ ಬಾಣದ ಕಾರ್ಬನ್ ಕೊಳವೆಯ ಒಳವ್ಯಾಸ 4.2 ಮಿಲಿಮೀಟರ್ ಅಷ್ಟೇ. ಹೊರಗಿನಿಂದ ಅಳೆದರೂ ಪೆನ್ಸಿಲ್‌ಗಿಂತ ಸಣ್ಣ. ಅಡ್ಡಗಾಳಿ ಅದನ್ನು ಕಡಿಮೆ ತಳ್ಳುತ್ತೆ, ಮೈಯೊಳಗೆ ಹೊಕ್ಕಾಗ ಉಜ್ಜಾಟ ಕಡಿಮೆ, ಹಾಗಾಗಿ ಆಳಕ್ಕಿಳಿಯುತ್ತೆ ಅಂತ ಮಾರುವವರು ಹೇಳ್ತಾರೆ. ಸುಳ್ಳೇನಲ್ಲ. ಆದರೆ ಗೆಳೆಯನ ತಲೆಯಲ್ಲಿ ಕೂತಿದ್ದು ಬೇರೆ. ಹಿಂದಿನ ವರ್ಷ ಅವನ ಜೊತೆಗಾರನ ಬಾಣ ಒಂದು ಎಲ್ಕ್‌ನ ಭುಜದ ಮೂಳೆಗೆ ತಗುಲಿ, ಮೊನೆಯ ಹಿಂದೆಯೇ ಮುರಿದುಹೋಯಿತಂತೆ. ಗಾಯಗೊಂಡ ಪ್ರಾಣಿ ಕಾಡಿನೊಳಗೆ ಹೋಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ.

ಮೊನೆಯ ಹಿಂದೆಯೇ. ಆ ಮಾತು ಕೇಳಿದಾಗ ನನಗೆ ನೆನಪಾದವನು ಇಶಿ.

1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಅಂಚಿಗೆ ಹಸಿದು ಸೊರಗಿದ ಒಬ್ಬ ಮನುಷ್ಯ ಬಂದ. ಬಿಳಿಯರ ಕೊಲೆಗಳಿಗೆ ಸಿಕ್ಕಿ ನಾಶವಾದ ಯಾಹಿ ಜನರಲ್ಲಿ ಉಳಿದ ಕೊನೆಯವನು. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಇಶಿ ಅಂದರೆ ಅವನ ಭಾಷೆಯಲ್ಲಿ ಮನುಷ್ಯ ಅಂತ ಅಷ್ಟೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ತಮ್ಮ ಮ್ಯೂಸಿಯಮ್ಮಿನಲ್ಲಿ ಇರಿಸಿದರು. ಪಕ್ಕದ ಆಸ್ಪತ್ರೆಯ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಅವನ ವೈದ್ಯನಾದ, ಗೆಳೆಯನಾದ, ಕೊನೆಗೆ ಬಿಲ್ಲುವಿದ್ಯೆಯಲ್ಲಿ ಶಿಷ್ಯನೂ ಆದ.

ಇಶಿ ಬಾಣ ಮಾಡುವ ಕ್ರಮವನ್ನು ಪೋಪ್ ಕೂತು ನೋಡಿ ಬರೆದಿಟ್ಟಿದ್ದಾನೆ. ಹೇಜಲ್ ಗಿಡದ ನೇರ ಕಡ್ಡಿ ಕಡಿದು ಒಣಗಿಸುವುದು. ಕೆಂಡದ ಶಾಖ ತೋರಿಸಿ ಡೊಂಕು ತಿದ್ದುವುದು, ಮರಳುಗಲ್ಲಿನಲ್ಲಿ ಉಜ್ಜಿ ನಯ ಮಾಡುವುದು. ಆಮೇಲಿನದೇ ನನಗೆ ಇಷ್ಟವಾದ ಭಾಗ. ಕಡ್ಡಿಯ ಮುಂತುದಿಯಲ್ಲಿ ತೂತು ಕೊರೆದು, ಅದರೊಳಗೆ ಇನ್ನೂ ಗಟ್ಟಿಯಾದ ಮರದ ಗಿಡ್ಡ ತುಂಡೊಂದನ್ನು ಕೂರಿಸಿ, ಜಾಯಿಂಟಿನ ಮೇಲೆ ಪ್ರಾಣಿಯ ಸ್ನಾಯುವಿನ ನಾರು ಬಿಗಿಯಾಗಿ ಸುತ್ತುತ್ತಿದ್ದ. ನಾರು ಒಣಗುತ್ತಾ ಕುಗ್ಗಿ ಇನ್ನಷ್ಟು ಬಿಗಿಯಾಗುತ್ತೆ. ಕಲ್ಲಿನ ಮೊನೆ ಆ ಗಟ್ಟಿ ತುಂಡಿನ ತುದಿಗೆ. ಇಂಜಿನಿಯರ್ ಕಣ್ಣಿಂದ ನೋಡಿದರೆ ಇದು ಸರಳ: ಏಟು ಬೀಳುವ ಕಡೆ ಗಟ್ಟಿಯಾದ ವಸ್ತು, ಭಾರ ಮುಂದಕ್ಕೆ, ಸೀಳಬಹುದಾದ ಜಾಗಕ್ಕೆ ಹೊರಗಿನಿಂದ ಪಟ್ಟಿ. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ.

ಪೋಪ್ ಬೇಟೆ ಬಿಡಲಿಲ್ಲ. 1920ರಲ್ಲಿ ಆರ್ಟ್ ಯಂಗ್ ಜೊತೆ ಯೆಲ್ಲೊಸ್ಟೋನಿಗೆ ಹೋಗಿ, ಮ್ಯೂಸಿಯಮ್ಮಿಗಾಗಿ ಗ್ರಿಜ್ಲಿ ಕರಡಿಗಳನ್ನು ಬಾಣದಿಂದ ಹೊಡೆದ. 1923ರಲ್ಲಿ ಅವನು ಬರೆದ ಪುಸ್ತಕ ಅಮೆರಿಕದಲ್ಲಿ ಬಿಲ್ಲುಬೇಟೆಯನ್ನೇ ಮತ್ತೆ ಎಬ್ಬಿಸಿತು. ಅವನ ಬಾಣ ಬರ್ಚ್ ಮರದ್ದು, ಮುಕ್ಕಾಲು ಅಂಗುಲದ ಅರ್ಧ ದಪ್ಪ, ಅಂದರೆ ಒಂಬತ್ತೂವರೆ ಮಿಲಿಮೀಟರ್. ಈಗಿನ ಮೈಕ್ರೋ ಪಕ್ಕ ಇಟ್ಟರೆ ಲಟ್ಟಣಿಗೆ!

ಮರದ ತಾಪತ್ರಯ ಏನಂದ್ರೆ, ಒಂದು ಕಡ್ಡಿಯ ಹಾಗೆ ಇನ್ನೊಂದು ಇರಲ್ಲ. ಎಳೆ ಬೇರೆ, ತೂಕ ಬೇರೆ, ಮಳೆಗಾಲದಲ್ಲಿ ಸೊಟ್ಟಗಾಗೋ ರೀತಿಯೂ ಬೇರೆ. 1922ರಿಂದ ಮರದ ಬಾಣ ಮಾಡುತ್ತಿದ್ದ ಡಗ್ ಈಸ್ಟನ್ ಇದರಿಂದ ರೋಸಿಹೋಗಿ 1939ರಲ್ಲಿ ಅಲ್ಯುಮಿನಿಯಂ ಕೊಳವೆಗೆ ಕೈ ಹಾಕಿದ. ಎರಡೇ ವರ್ಷಕ್ಕೆ, 1941ರಲ್ಲಿ, ಲ್ಯಾರಿ ಹ್ಯೂಸ್ ಅದೇ ಬಾಣಗಳಿಂದ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದ. ಈ ಅಲ್ಯುಮಿನಿಯಂ ಶಾಫ್ಟ್‌ಗಳ ನಂಬರಿನಲ್ಲೇ ಒಂದು ಪಾಠ ಇದೆ. 2117 ಅಂದರೆ ಹೊರವ್ಯಾಸ ಇಂಚಿನ 64ನೇ ಭಾಗದ 21ರಷ್ಟು, ಗೋಡೆಯ ದಪ್ಪ ಇಂಚಿನ ಸಾವಿರದ 17. ಕೊಳವೆಯ ವ್ಯಾಸ ಇಳಿಸಿದ ಹಾಗೆ ಅದರ ಬಿಗಿ ಭಾರೀ ವೇಗದಲ್ಲಿ ಕುಸಿಯುತ್ತೆ. ಸಣ್ಣ ಬಾಣ ಬೇಕಾ, ಗೋಡೆ ದಪ್ಪ ಮಾಡು, ಇಲ್ಲವೇ ವಸ್ತು ಬದಲಿಸು.

ವಸ್ತು ಬದಲಾಯಿತು. 1980ರ ದಶಕದಲ್ಲಿ ಕಾರ್ಬನ್ ಬಂತು. ಮೊದಮೊದಲ ಕಾರ್ಬನ್ ಬಾಣಗಳೂ ಸಣ್ಣವೇ, ಆದರೆ ಎಳೆಗಳೆಲ್ಲ ಉದ್ದಕ್ಕೇ ಇದ್ದದ್ದರಿಂದ ಏಟು ಬಿದ್ದರೆ ಬಿದಿರಿನ ಹಾಗೆ ಸೀಳುತ್ತಿದ್ದವು. ಆಮೇಲೆ ಎಳೆಗಳನ್ನು ಸುತ್ತಿ ಮಾಡುವ ವಿಧಾನ ಬಂದು ಕೊಳವೆ ಮತ್ತೆ ದಪ್ಪವಾಯಿತು. ಗುರಿ ಸ್ಪರ್ಧೆಯವರಿಗೆ ಮಾತ್ರ ಗಾಳಿಯದೇ ಚಿಂತೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಈಸ್ಟನ್ ತಂದ ಎಕ್ಸ್10 ಕಡ್ಡಿಯಷ್ಟು ತೆಳ್ಳಗಿತ್ತು. ಆ ತೆಳುವು ನಿಧಾನಕ್ಕೆ ಬೇಟೆಗೂ ಇಳಿಯಿತು. ಹುಲ್ಲಿನ ಗುರಿಫಲಕದಲ್ಲಿ ಮೂಳೆ ಇರಲ್ಲ ಅನ್ನೋದನ್ನ ಬಹಳ ಜನ ಮರೆತರು.

ಇಲ್ಲಿ ಒಂದು ಸ್ಕ್ರೂ ಅಡ್ಡ ಬರುತ್ತೆ. ಬೇಟೆಮೊನೆಗಳ ಹಿಂದಿರುವ ಸ್ಟಾಂಡರ್ಡ್ ಸ್ಕ್ರೂವಿನ ದಪ್ಪವೇ 4.17 ಮಿಲಿಮೀಟರ್. ಮೈಕ್ರೋ ಕೊಳವೆಯ ಒಳವ್ಯಾಸ 4.2. ಮರೆ ಕೊರೆದ ಲೋಹದ ಗೂಡನ್ನು ಕೂರಿಸಲು ಒಳಗೆ ಜಾಗವೇ ಇಲ್ಲ! 5 ಮಿಲಿಮೀಟರಿನ ಶಾಫ್ಟ್‌ನಲ್ಲಾದರೆ ಆ ಗೂಡನ್ನು ಆಳಕ್ಕೆ ತಳ್ಳಿ, ಮೊನೆಯ ಬುಡ ಕಾರ್ಬನ್ ಒಳಗೇ ಕೂರುವ ಹಾಗೆ ಮಾಡಬಹುದು. ಮೈಕ್ರೋದಲ್ಲಿ ಸ್ಕ್ರೂ ಹೊರಗೇ ಉಳಿಯುತ್ತೆ. ಅದಕ್ಕೆಂದು ಅರ್ಧ ಒಳಗೆ, ಅರ್ಧ ಹೊರಗೆ ಇರುವ ಜೋಡಣೆ ಮಾಡ್ತಾರೆ. ಓರೆಯಾಗಿ ಮೂಳೆ ತಗುಲಿದರೆ ಇಡೀ ಬಾಗುಬಲ ಬೀಳೋದು ಆ ಹೊರಗಿನ ತುಂಡಿನ ಮೇಲೆ. ಅದು ಅಲ್ಯುಮಿನಿಯಮ್ಮಿನದಾದರೆ ಬಾಗುತ್ತೆ. ಈಸ್ಟನ್ ಕಂಪನಿ ಡೀಪ್ ಸಿಕ್ಸ್ ಅಂತ ಇನ್ನೂ ಸಣ್ಣ ಸ್ಕ್ರೂ ತಂದು ನೋಡಿತು. ಹಳೆಯ ಸ್ಕ್ರೂವನ್ನು ಅದು ಕದಲಿಸಲಿಲ್ಲ.

ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ 1980ರ ದಶಕದಲ್ಲಿ ನಿಜವಾದ ಪ್ರಾಣಿಗಳ ಮೇಲೆ ಬಾಣಗಳನ್ನು ಪರೀಕ್ಷಿಸಿದ ಎಡ್ ಆಶ್ಬಿ, ಆಳಕ್ಕಿಳಿಯಲು ಬೇಕಾದ ಗುಣಗಳನ್ನು ಸಾಲಾಗಿ ಇಟ್ಟ. ಮೊದಲನೆಯದು ಬಾಣ ಮುರಿಯದೆ ಉಳಿಯುವುದು. ಎರಡನೆಯದು ಅಲುಗದೆ ಹಾರುವುದು. ಕಡ್ಡಿಯ ದಪ್ಪದ ಮಾತು ಬರೋದು ಇನ್ನೂ ಕೆಳಗೆ. ಅದೂ ಬರೀ ದಪ್ಪ ಅಲ್ಲ, ಮೊನೆಯ ಬುಡಕ್ಕಿಂತ ಕಡ್ಡಿ ಸಣ್ಣಗಿದೆಯೋ ಇಲ್ಲವೋ ಅನ್ನೋದು. 5 ಮಿಲಿಮೀಟರಿನ ಬಾಣಗಳಲ್ಲೇ ಈ ಷರತ್ತು ಬಹುಪಾಲು ಪೂರೈಸುತ್ತೆ. ಇನ್ನೂ ಸಣ್ಣದು ಮಾಡಿ ಗಳಿಸೋದು ಚೂರು, ಕಳೆದುಕೊಳ್ಳೋದು ಜಾಯಿಂಟು.

ಇಷ್ಟನ್ನೂ ಗೆಳೆಯನಿಗೆ ಹೇಳಿ, "5 ಮಿಮೀ ತಗೋ, ದಪ್ಪ ಗೋಡೆಯದು" ಅಂದೆ. ಅವನು ಆಗಲೇ ಒಂದು ಡಜನ್ ಮೈಕ್ರೋ ಆರ್ಡರ್ ಮಾಡಿಯಾಗಿತ್ತು! ಈ ಜನ ಕೇಳೋದು ಯಾಕೋ. ಸರಿ, ಹಾಗಾದರೆ ಅಲ್ಯುಮಿನಿಯಂ ಜೋಡಣೆ ತೆಗೆದು ಸ್ಟೀಲಿನದು ಹಾಕು, ಕಾರ್ಬನ್ನಿನ ತುದಿಗೆ ಹೊರಗಿನಿಂದ ಉದ್ದನೆಯ ಕಾಲರ್ ಕೂರಿಸು, ಎಪಾಕ್ಸಿ ಹಚ್ಚಿ ಒಂದು ದಿನ ಮುಟ್ಟಬೇಡ, ಆಮೇಲೆ ಎರಡು ಬಾಣ ಹಾಳಾದರೂ ಪರವಾಗಿಲ್ಲ, ಪ್ಲೈವುಡ್ಡಿಗೆ ಓರೆಯಾಗಿ ಹೊಡೆದು ನೋಡು ಅಂದೆ.

ಹೋದ ಭಾನುವಾರ ಫೋಟೋ ಕಳಿಸಿದ. ಒಂದರ ಕಾಲರ್ ಚೂರು ತಗ್ಗಾಗಿದೆ, ಕಾರ್ಬನ್ ಸೀಳಿಲ್ಲ. ಇನ್ನೊಂದು ಮೊನೆಯ ಹಿಂದೆಯೇ ಮುರಿದಿದೆ. ಅದಕ್ಕೆ ಕಾಲರ್ ಹಾಕಲು ಮರೆತಿದ್ದನಂತೆ.